ದಾರಿಖರ್ಚು ಯಾರ ತಲೆಗೆ?

ಬೆಂಗಳೂರಿನಲ್ಲಿ ಕೆಲಸ ಬದಲಿಸುವವರು ಒಬ್ಬರನ್ನೊಬ್ಬರು ಮೊದಲು ಕೇಳುವ ಪ್ರಶ್ನೆ ಒಂದೇ: ಹೈಕ್ ಎಷ್ಟು ಪರ್ಸೆಂಟ್? ಮೂವತ್ತು ಎಂದರೆ ಭೇಷ್, ಹತ್ತು ಎಂದರೆ ಅಷ್ಟಕ್ಕೆ ಯಾಕೆ ಹೋದೆ ಎಂಬ ಉದ್ಗಾರ. ಹೊಸ ಕಚೇರಿ ಊರಿನ ಯಾವ ಮೂಲೆಯಲ್ಲಿದೆ, ಅಲ್ಲಿಗೆ ಹೋಗಿಬರಲು ತಿಂಗಳಿಗೆ ಎಷ್ಟು ದುಡ್ಡು, ದಿನಕ್ಕೆ ಎಷ್ಟು ಹೊತ್ತು ಬೇಕು ಎಂಬುದೆಲ್ಲ ಚೌಕಾಸಿ ಮುಗಿದು, ಆಫರ್ ಲೆಟರ್‌ಗೆ ಸಹಿ ಬಿದ್ದ ಮೇಲೆ ಮನೆಮಂದಿಯ ನಡುವೆ ಚರ್ಚೆಗೆ ಬರುತ್ತದೆ. ಎಚ್‌ಆರ್ ಎದುರು ಈ ಮಾತೆತ್ತಿದವರಿಗೆ ಉತ್ತರ ಸಿದ್ಧವಾಗಿಯೇ ಇರುತ್ತದೆ: ಮನೆ ಎಲ್ಲಿ ಮಾಡಬೇಕೆಂಬುದು ನಿಮ್ಮ ಇಷ್ಟ, ಓಡಾಟವೂ ನಿಮ್ಮ ಸ್ವಂತ ವಿಚಾರ. ಆದಾಯ ತೆರಿಗೆ ಕಾನೂನಿನ ನಿಲುವು ಬಹುಮಟ್ಟಿಗೆ ಇದೇ. ಸಂಬಳದಾರರೂ ಇದನ್ನು ಲೋಕರೂಢಿ ಎಂದು ಒಪ್ಪಿಕೊಂಡಿದ್ದಾರೆ. ಕೆಲಸಕ್ಕೆ ಹೋಗಿಬರುವ ಖರ್ಚು ಊಟ, ಬಟ್ಟೆ, ಸಿನಿಮಾದಂತೆ ಖಾಸಗಿ ಖರ್ಚು ಎಂಬ ಈ ಅಭಿಪ್ರಾಯ ತಪ್ಪು ಎಂಬುದು ಈ ಲೇಖನದ ವಾದ. ಸಂಬಳ ಹುಟ್ಟಬೇಕಾದರೆ ಮೊದಲು ಆಗಲೇಬೇಕಾದ ಖರ್ಚು ಅದು. ಅದನ್ನು ಆಫರ್‌ನ ಲೆಕ್ಕದಲ್ಲೂ ಹಿಡಿಯಬೇಕು, ತೆರಿಗೆಯ ಲೆಕ್ಕದಲ್ಲೂ ಹಿಡಿಯಬೇಕು. ಇದಕ್ಕೆ ಸಾಕ್ಷಿ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ, ಬಹುಪಾಲು ನಮ್ಮ ಕಾನೂನುಗಳೊಳಗೇ ಇದೆ.

ಮೊದಲು ಒಂದು ಲೆಕ್ಕ. ಕೆಂಗೇರಿಯಲ್ಲಿ ಮನೆ ಇರುವ ಒಬ್ಬರಿಗೆ ಹತ್ತಿರದ ಕಚೇರಿಯಲ್ಲಿ ವರ್ಷಕ್ಕೆ 17 ಲಕ್ಷ ಸಂಬಳ ಎಂದುಕೊಳ್ಳೋಣ. ವೈಟ್‌ಫೀಲ್ಡಿನ ಕಂಪನಿಯೊಂದು 18 ಲಕ್ಷದ 20 ಸಾವಿರ ಕೊಡುತ್ತೇನೆ ಎನ್ನುತ್ತದೆ. ಹೆಚ್ಚಳ 1 ಲಕ್ಷ 20 ಸಾವಿರ, ಶೇಕಡಾ ಏಳು. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ ಈ ಹೆಚ್ಚುವರಿ ಮೊತ್ತ ಪೂರ್ತಿಯಾಗಿ ಶೇ 20ರ ಹಂತದೊಳಗೆ ಬೀಳುತ್ತದೆ. ಸೆಸ್ ಸೇರಿದರೆ ಶೇ 20.8. ತೆರಿಗೆ ಕಳೆದು ಕೈಗೆ ಬರುವುದು ವರ್ಷಕ್ಕೆ 95,040, ತಿಂಗಳಿಗೆ 7,920 ರೂಪಾಯಿ. ಇನ್ನು ದಾರಿ. ನಮ್ಮ ಮೆಟ್ರೊ 2025ರ ಫೆಬ್ರುವರಿಯಲ್ಲಿ ದರ ಏರಿಸಿದಾಗ ಗರಿಷ್ಠ ಟಿಕೆಟ್ 60ರಿಂದ 90 ರೂಪಾಯಿಗೆ ಹೋಯಿತು. ನೇರಳೆ ಮಾರ್ಗದ ಆ ತುದಿಯಿಂದ ಈ ತುದಿಗೆ ಹೋಗುವವರು ತೆರುವುದು ಆ ಗರಿಷ್ಠ ದರವನ್ನೇ. ತಿಂಗಳಿಗೆ 22 ದಿನ ಹೋಗಿಬಂದರೆ, ಸ್ಮಾರ್ಟ್ ಕಾರ್ಡಿನ ಅಲ್ಪಸ್ವಲ್ಪ ರಿಯಾಯಿತಿ ಬಿಟ್ಟು, 3,960 ರೂಪಾಯಿ. ನಿಲ್ದಾಣದಿಂದ ಕಚೇರಿಗೆ ಎರಡು ಕಿಲೋಮೀಟರ್ ಆಟೊ. 2025ರ ಆಗಸ್ಟ್‌ನಿಂದ ಕನಿಷ್ಠ ದರ 36 ರೂಪಾಯಿ. ಮೀಟರ್ ಹಾಕಿ ಬರುವ ಆಟೊ ದಿನವೂ ಸಿಕ್ಕಿತು ಎಂದು ಧಾರಾಳವಾಗಿ ನಂಬಿದರೂ 1,584 ಆಗುತ್ತದೆ. ಎರಡೂ ಸೇರಿ 5,544. ಉಳಿದದ್ದು 2,376 ರೂಪಾಯಿ. ಇದಕ್ಕಾಗಿ ದಿನಕ್ಕೆ ಎರಡೂವರೆ ಗಂಟೆ ಹೆಚ್ಚು ದಾರಿಯಲ್ಲಿ ಕಳೆದರೆ ತಿಂಗಳಿಗೆ 55 ಗಂಟೆ, ಅಂದರೆ 48 ಗಂಟೆಯ ಒಂದು ಪೂರ್ತಿ ವಾರದ ದುಡಿಮೆಗಿಂತ ಹೆಚ್ಚು. ಗಂಟೆಗೆ 43 ರೂಪಾಯಿ ಬಿದ್ದಂತಾಯಿತು. ವರ್ಷಕ್ಕೆ 18 ಲಕ್ಷ ದುಡಿಯುವ ಒಬ್ಬ ಎಂಜಿನಿಯರ್ ತನ್ನ ಹೊತ್ತನ್ನು ಗಂಟೆಗೆ 43 ರೂಪಾಯಿಗೆ ಮಾರಲು ಗೊತ್ತಿದ್ದೂ ಒಪ್ಪುವುದಿಲ್ಲ. ಲೆಕ್ಕ ಕಣ್ಣಿಗೆ ಬೀಳದ ಕಾರಣಕ್ಕೆ ಒಪ್ಪಿರುತ್ತಾರೆ.

ಇಲ್ಲಿ ತೆರಿಗೆಯ ಪಾತ್ರ ಏನೆಂದು ಬೇರೆಯಾಗಿ ನೋಡಬೇಕು. 5,544 ರೂಪಾಯಿ ದಾರಿಖರ್ಚನ್ನು ತೆರಿಗೆ ಕಟ್ಟಿ ಉಳಿದ ಹಣದಿಂದ ಭರಿಸಬೇಕಾದ್ದರಿಂದ, ಅಷ್ಟು ಕೈಗೆ ಬರಲು ದುಡಿಯಬೇಕಾದದ್ದು 7,000. ವರ್ಷಕ್ಕೆ 84,000. 1 ಲಕ್ಷ 20 ಸಾವಿರದ ಹೆಚ್ಚಳದಲ್ಲಿ 84 ಸಾವಿರ ದಾರಿಗೂ ದಾರಿಯ ಮೇಲಿನ ತೆರಿಗೆಗೂ ಹೋಗಿ, ನಿಜವಾದ ಹೆಚ್ಚಳ ಉಳಿದದ್ದು 36 ಸಾವಿರ. ಶೇ 7 ಎಂದು ಸಂಭ್ರಮಿಸಿದ್ದು ಶೇ 2ಕ್ಕೆ ಬಂದು ನಿಂತಿತು. ಮೆಟ್ರೊ ಬದಲು ಸ್ವಂತ ಕಾರಿನಲ್ಲಿ ಹೋಗುವವರ ಸ್ಥಿತಿ ಇನ್ನೂ ಕೆಟ್ಟದ್ದು. ಟಾಮ್‌ಟಾಮ್ ಸಂಸ್ಥೆಯ 2024ರ ಸಂಚಾರ ಸೂಚ್ಯಂಕದ ಪ್ರಕಾರ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 34 ನಿಮಿಷ ಹಿಡಿಯುತ್ತಿತ್ತು. ಆ ವೇಗದಲ್ಲಿ ಪೆಟ್ರೋಲು ಕುಡಿಯುವ ಕಾರು ಆ 7,920ರಲ್ಲಿ ಏನನ್ನೂ ಉಳಿಸುವುದಿಲ್ಲ.

"ಅದಕ್ಕೇ ತಾನೆ ಸ್ಟ್ಯಾಂಡರ್ಡ್ ಡಿಡಕ್ಷನ್ ಇರುವುದು" ಎಂಬುದು ಎಲ್ಲಕ್ಕಿಂತ ಮೊದಲು ಬರುವ ಆಕ್ಷೇಪ, ಮತ್ತು ತಕ್ಕಮಟ್ಟಿಗೆ ಗಟ್ಟಿಯಾದದ್ದು. ಇದಕ್ಕೆ ಹಿಂದಿನ ಕತೆ ತಿಳಿದಿರಬೇಕು. ಮನೆಯಿಂದ ಕಚೇರಿಗೆ ಹೋಗಿಬರಲು ಮಾಲೀಕರು ಕೊಡುವ ಸಾರಿಗೆ ಭತ್ಯೆಗೆ ನಮ್ಮಲ್ಲಿ ವಿನಾಯಿತಿ ಇತ್ತು. ಬಹುಕಾಲ ತಿಂಗಳಿಗೆ 800 ರೂಪಾಯಿ ಇದ್ದದ್ದು 2015ರ ಏಪ್ರಿಲ್‌ನಿಂದ 1,600 ಆಯಿತು. ಆ ಕಾಲದ ಸಂಬಳ ಚೀಟಿಗಳನ್ನು ತೆರೆದು ನೋಡಿದರೆ ಕನ್ವೇಯನ್ಸ್ ಎಂಬ ಸಾಲಿನ ಎದುರು ಹೆಚ್ಚುಕಡಿಮೆ ಎಲ್ಲೆಲ್ಲೂ ಅದೇ 1,600 ಕಾಣುತ್ತದೆ. 2018ರ ಬಜೆಟ್ ಅದನ್ನು ತೆಗೆದುಹಾಕಿತು. ವರ್ಷಕ್ಕೆ 19,200ರ ಸಾರಿಗೆ ವಿನಾಯಿತಿ, 15,000ದ ವೈದ್ಯಕೀಯ ಮರುಪಾವತಿ, ಇವೆರಡೂ ಹೋಗಿ 40,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಬಂತು. ಸಿಕ್ಕಿದ ನಿವ್ವಳ ಲಾಭ 5,800 ರೂಪಾಯಿಯ ಕಡಿತ, ಅದೇ ಬಜೆಟ್‌ನಲ್ಲಿ ಸೆಸ್ ಶೇ 3ರಿಂದ 4ಕ್ಕೆ ಏರಿದ್ದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ. ಆಮೇಲೆ 2019ರಲ್ಲಿ ಅದು 50,000 ಆಯಿತು, 2024ರಲ್ಲಿ ಹೊಸ ಪದ್ಧತಿಯವರಿಗೆ ಮಾತ್ರ 75,000. ನಮ್ಮ ಕೆಂಗೇರಿಯವರ ವಾರ್ಷಿಕ ದಾರಿಖರ್ಚು 66,528, ಇದು 75,000ದೊಳಗೇ ಇದೆಯಲ್ಲ ಎಂದು ಕೇಳಬಹುದು. ಆದರೆ ಅದೇ 75,000 ಕಚೇರಿಯ ಪಕ್ಕದ ಬೀದಿಯಲ್ಲಿ ಮನೆ ಇರುವವರಿಗೂ ಸಿಗುತ್ತದೆ, ವರ್ಷವಿಡೀ ಮನೆಯಿಂದಲೇ ಕೆಲಸ ಮಾಡುವವರಿಗೂ ಸಿಗುತ್ತದೆ, ಮಾಜಿ ಮಾಲೀಕರಿಂದ ಪಿಂಚಣಿ ಪಡೆಯುತ್ತ ಎಲ್ಲಿಗೂ ಹೋಗಬೇಕಿಲ್ಲದ ನಿವೃತ್ತರಿಗೂ ಸಿಗುತ್ತದೆ. ನಿವೃತ್ತರಿಗೆ ಸಿಗಬಾರದೆಂದು ಯಾರೂ ಹೇಳುತ್ತಿಲ್ಲ. ಪಿಂಚಣಿದಾರರಿಗೂ ಸಲ್ಲುವ ಕಡಿತವನ್ನು ಕೆಲಸಕ್ಕೆ ಹೋಗಿಬರುವ ಖರ್ಚಿಗೆ ಕೊಟ್ಟ ಪರಿಹಾರ ಎಂದು ಕರೆಯುವುದು ಮಾತ್ರ ಆಗದು. ಒಂದೇ ಸಂಬಳದ ಇಬ್ಬರಲ್ಲಿ ಒಬ್ಬರಿಗೆ 66 ಸಾವಿರ ದಾರಿಖರ್ಚು, ಇನ್ನೊಬ್ಬರಿಗೆ ಸೊನ್ನೆ, ತೆರಿಗೆ ಮಾತ್ರ ಇಬ್ಬರಿಗೂ ಅಷ್ಟೇ. ಆಕ್ಷೇಪಕ್ಕೆ ಕಾರಣವಾದ ತಾರತಮ್ಯ ಇದ್ದಲ್ಲೇ ಉಳಿಯಿತು.

ಇನ್ನು ಖಾಸಗಿ ಖರ್ಚು ಎಂಬ ಸಿದ್ಧಾಂತವನ್ನು ಕಾನೂನೇ ಎಷ್ಟರಮಟ್ಟಿಗೆ ನಂಬುತ್ತದೆ ಎಂದು ಪರೀಕ್ಷಿಸೋಣ. ಅಷ್ಟು ದೃಢವಾಗಿ ನಂಬುವುದಾದರೆ ಮಾಲೀಕರು ಉದ್ಯೋಗಿಯನ್ನು ಮನೆಯಿಂದ ಕರೆತಂದು ಬಿಡುವ ಸೌಲಭ್ಯವನ್ನೂ ಖಾಸಗಿ ಲಾಭವೆಂದು ಎಣಿಸಿ ತೆರಿಗೆ ಹಾಕಬೇಕಿತ್ತು. 1961ರ ಆದಾಯ ತೆರಿಗೆ ಕಾಯ್ದೆಯ 17ನೇ ಕಲಮು ಹೇಳಿದ್ದು ಇದಕ್ಕೆ ನೇರ ವಿರುದ್ಧ: ಮಾಲೀಕರು ಒದಗಿಸಿದ ವಾಹನದಲ್ಲಿ ಮನೆಯಿಂದ ಕೆಲಸದ ಜಾಗಕ್ಕೆ, ಅಲ್ಲಿಂದ ಮನೆಗೆ ಪ್ರಯಾಣಿಸುವುದನ್ನು ಉದ್ಯೋಗಿಗೆ ಸಂದ ಸವಲತ್ತು ಎಂದು ಪರಿಗಣಿಸುವಂತಿಲ್ಲ. ಕಂಪನಿಯ ಬಸ್ಸು ಮನೆ ಹತ್ತಿರದ ಸರ್ಕಲ್ಲಿಗೆ ಬಂದರೆ ಉದ್ಯೋಗಿಗೆ ತೆರಿಗೆಯಿಲ್ಲ, ಬಸ್ಸಿನ ಖರ್ಚು ಕಂಪನಿಯ ವ್ಯವಹಾರದ ಖರ್ಚು. ಅದೇ ಕಂಪನಿ ಬಸ್ಸು ನಿಲ್ಲಿಸಿ, ಮೆಟ್ರೊಗೆ ಹೋಗಿ, ತಿಂಗಳಿಗೆ 5,000 ಕೊಡುತ್ತೇವೆ ಎಂದ ಕೂಡಲೇ ಅದು ಸಂಬಳವಾಗಿ ಪೂರ್ತಿ ತೆರಿಗೆಗೆ ಒಳಗಾಗುತ್ತದೆ. ದಾರಿ ಅದೇ, ಮನೆ ಅದೇ, ಕೆಲಸವೂ ಅದೇ, ಹಣ ಸಂದಾಯವಾದ ರೀತಿ ಮಾತ್ರ ಬೇರೆ. ದೊಡ್ಡ ಟೆಕ್‌ಪಾರ್ಕಿನ ದೊಡ್ಡ ಕಂಪನಿಗೆ ಬಸ್ಸು ಓಡಿಸುವ ತಾಕತ್ತಿದೆ. ಪೀಣ್ಯದ ಇಪ್ಪತ್ತು ಜನರ ವರ್ಕ್‌ಶಾಪಿಗೆ ಇಲ್ಲ. ಹೀಗಾಗಿ ಸಣ್ಣ ಸಂಸ್ಥೆಯ ನೌಕರರು ಬಸ್ಸಿಗೆ ದುಡ್ಡು ಕೊಟ್ಟು ಆ ದುಡ್ಡಿನ ಮೇಲೆ ತೆರಿಗೆಯನ್ನೂ ಕಟ್ಟುತ್ತಾರೆ. ಹಿರಿಯ ಮ್ಯಾನೇಜರ್ ಮಟ್ಟಕ್ಕೆ ಹೋದರೆ ಔದಾರ್ಯ ಇನ್ನೂ ಹೆಚ್ಚು. ಕಂಪನಿ ಕೊಟ್ಟ ಕಾರನ್ನು ಕಚೇರಿಗೂ ಸ್ವಂತಕ್ಕೂ ಬಳಸುವವರಿಗೆ 1962ರ ನಿಯಮಾವಳಿಯಡಿ ನಿಗದಿಯಾಗಿದ್ದ ಸವಲತ್ತಿನ ಮೌಲ್ಯ, 1.6 ಲೀಟರ್ ಎಂಜಿನ್‌ವರೆಗೆ ತಿಂಗಳಿಗೆ 1,800 ರೂಪಾಯಿ, ಡ್ರೈವರ್ ಇದ್ದರೆ ಮೇಲೆ 900. ಇಂಧನ, ರಿಪೇರಿ, ವಿಮೆ ಎಲ್ಲವನ್ನೂ ಕಂಪನಿಯೇ ಭರಿಸಿದರೂ ಅಷ್ಟೇ ಇತ್ತು. ಮೆಟ್ರೊ ದರ, ಬಸ್ ದರ, ಪೆಟ್ರೋಲ್ ದರ ಏರುತ್ತಲೇ ಇದ್ದ ಹದಿನೈದು ವರ್ಷ ಈ ಮೊತ್ತ ಅಲುಗಲಿಲ್ಲ. ಸ್ವಂತ ವ್ಯವಹಾರ ನಡೆಸುವವರ ಕಾರು ಸಂಸ್ಥೆಯ ಹೆಸರಿನಲ್ಲಿದ್ದರೆ ವರ್ಷಕ್ಕೆ ಶೇ 15 ಸವಕಳಿಯೂ ಉಂಟು, ಇಂಧನವೂ ಉಂಟು. ಸ್ವಂತ ಬಳಕೆಯ ಪಾಲನ್ನು ಬೇರ್ಪಡಿಸಿ ಬಿಡಬೇಕೆಂಬ ವಿಧಿ ಇದೆ ನಿಜ. ಎಷ್ಟು ಮಂದಿ ಬೇರ್ಪಡಿಸುತ್ತಾರೆ ಎಂಬುದು ಅವರವರ ಆಡಿಟರಿಗೆ ಗೊತ್ತಿರುವ ಸಂಗತಿ.

ಸರ್ಕಾರ ತಾನೇ ಮಾಲೀಕನಾದಾಗ ಏನು ಮಾಡುತ್ತದೆ ಎಂಬುದು ಇದಕ್ಕಿಂತ ಸ್ವಾರಸ್ಯಕರ. ಏಳನೇ ವೇತನ ಆಯೋಗದ ನಂತರ ಕೇಂದ್ರ ಸರ್ಕಾರಿ ನೌಕರರಿಗೆ ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ಸಾರಿಗೆ ಭತ್ಯೆ ನಿಗದಿಯಾದದ್ದು ಹೀಗೆ: ಒಂಬತ್ತನೇ ಹಂತ ಮತ್ತು ಮೇಲಿನವರಿಗೆ 7,200 ರೂಪಾಯಿ, ಮೂರರಿಂದ ಎಂಟನೇ ಹಂತದವರಿಗೆ 3,600, ಕೆಳಗಿನ ಎರಡು ಹಂತಗಳಿಗೆ 1,350, ಎಲ್ಲಕ್ಕೂ ಮೇಲೆ ತುಟ್ಟಿಭತ್ಯೆ. ಸರ್ಕಾರಿ ವಾಹನದ ಸೌಕರ್ಯ ಪಡೆದವರಿಗೆ ಈ ಭತ್ಯೆ ಇಲ್ಲ. ಅಂದರೆ ಕೆಲಸಕ್ಕೆ ಬಂದುಹೋಗಲು ಖರ್ಚಾಗುತ್ತದೆ, ಆ ಖರ್ಚು ಬೆಲೆಯೇರಿಕೆಯೊಂದಿಗೆ ಏರುತ್ತದೆ, ಊರು ದೊಡ್ಡದಾದಷ್ಟೂ ಹೆಚ್ಚಾಗುತ್ತದೆ, ವಾಹನ ಒದಗಿಸಿದರೆ ಭತ್ಯೆ ಬೇಕಿಲ್ಲ ಎಂಬುದೆಲ್ಲ ಸರ್ಕಾರಕ್ಕೆ ಚೆನ್ನಾಗಿ ತಿಳಿದಿದೆ. ಇಷ್ಟೆಲ್ಲ ತಿಳಿದು ಒಂದು ಕೈಯಲ್ಲಿ ಕೊಟ್ಟ ಭತ್ಯೆಯ ಮೇಲೆ ಇನ್ನೊಂದು ಕೈಯಲ್ಲಿ ತೆರಿಗೆ ವಸೂಲಿ ಮಾಡುತ್ತದೆ. ಅಂಗವಿಕಲ ನೌಕರರ ಸಾರಿಗೆ ಭತ್ಯೆಗೆ ತಿಂಗಳಿಗೆ 3,200 ರೂಪಾಯಿಯ ವಿನಾಯಿತಿಯನ್ನು 2018ರಲ್ಲೂ ತೆಗೆಯಲಿಲ್ಲ. ಹಾಗೆ ಉಳಿಸಿದ್ದು ಸರಿಯಾದ ನಿರ್ಧಾರ. ಆದರೆ ಓಡಾಟ ನಿಜಕ್ಕೂ ಖಾಸಗಿ ಬಯಕೆಯಾಗಿದ್ದರೆ ಅಲ್ಲಿಯೂ ವಿನಾಯಿತಿಗೆ ಆಧಾರವಿರುತ್ತಿರಲಿಲ್ಲ.

ತೆರಿಗೆ ಕಾನೂನನ್ನು ಬದಿಗಿಟ್ಟು ಕಾರ್ಮಿಕ ಕಾನೂನಿಗೆ ಬಂದರೆ ಚಿತ್ರವೇ ಬದಲಾಗುತ್ತದೆ. ನೌಕರರ ರಾಜ್ಯ ವಿಮಾ ಕಾಯ್ದೆಗೆ 2010ರಲ್ಲಿ 51-ಇ ಎಂಬ ಕಲಮು ಸೇರಿತು. ಮನೆಯಿಂದ ಕೆಲಸಕ್ಕೆ ಹೊರಟಾಗ, ಅಥವಾ ಕೆಲಸ ಮುಗಿಸಿ ಮನೆಗೆ ಮರಳುವಾಗ ಆದ ಅಪಘಾತವನ್ನು, ಹೊತ್ತು, ಜಾಗ ಮತ್ತು ಸಂದರ್ಭಕ್ಕೂ ಕೆಲಸಕ್ಕೂ ನಂಟಿದ್ದರೆ, ಕೆಲಸದ ಅವಧಿಯಲ್ಲೇ ಆದ ಅಪಘಾತವೆಂದು ಅದು ಎಣಿಸಿತು. 2003ರಲ್ಲಿ ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ಕಾವಲುಗಾರರೊಬ್ಬರು ನಸುಕಿನ ಪಾಳಿಗೆ ಹೋಗುತ್ತಿದ್ದಾಗ ದಾರಿಯಲ್ಲಿ ತೀರಿಕೊಂಡ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ 2025ರ ಜುಲೈನಲ್ಲಿ ತೀರ್ಮಾನವಾಯಿತು. ವಿಮಾ ಕಾಯ್ದೆಯ ಈ ತತ್ವವನ್ನು ನೌಕರರ ಪರಿಹಾರ ಕಾಯ್ದೆಗೂ ಅನ್ವಯಿಸಿ ನ್ಯಾಯಾಲಯ ಕುಟುಂಬದ ಪರ ನಿಂತಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆ ಪ್ರಯಾಣ ಭತ್ಯೆಯನ್ನು ವೇತನದ ವ್ಯಾಖ್ಯೆಯಿಂದ ಹೊರಗಿಡುತ್ತದೆ, ಹೊರಗಿಟ್ಟ ಬಾಬ್ತುಗಳೆಲ್ಲ ಸೇರಿ ಅರ್ಧಕ್ಕಿಂತ ಹೆಚ್ಚಾಗಬಾರದೆಂಬ ಮಿತಿಯೊಳಗೆ. ರಾತ್ರಿ ಪಾಳಿಯ ಮಹಿಳೆಯರನ್ನು ಮನೆಯಿಂದ ಕರೆತಂದು ಬಿಡುವ ಹೊಣೆಯನ್ನು ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಮಾಲೀಕರ ಮೇಲೆ ಹೊರಿಸುತ್ತದೆ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯನ್ನು ಟೀಕಿಸುವವರೂ, ಬಸ್ ಚಾರ್ಜು ಉಳಿದದ್ದರಿಂದ ದೂರದ ಕೆಲಸ ಒಪ್ಪಿಕೊಳ್ಳುವುದು ಹೆಂಗಸರಿಗೆ ಸುಲಭವಾಗುತ್ತದೆ ಎಂಬ ತರ್ಕವನ್ನು ಅಲ್ಲಗಳೆಯಲಾರರು. ದಾರಿಯಲ್ಲಿ ಪ್ರಾಣ ಹೋದರೆ ಅದು ಕೆಲಸದ ಭಾಗ, ದಾರಿಯಲ್ಲಿ ದುಡ್ಡು ಹೋದರೆ ಸ್ವಂತ ವಿಚಾರ ಎಂಬ ಎರಡು ಮಾತನ್ನು ಒಂದೇ ಪ್ರಭುತ್ವ ಒಟ್ಟಿಗೆ ಆಡುತ್ತಿದೆ.

ಖಾಸಗಿ ಖರ್ಚು ಎಂಬ ಈ ಸಿದ್ಧಾಂತ ಹುಟ್ಟಿದ್ದು ನಮ್ಮಲ್ಲಿ ಅಲ್ಲ, ಇಂಗ್ಲೆಂಡ್ ಮತ್ತು ಅಮೆರಿಕದ ನ್ಯಾಯಾಲಯಗಳಲ್ಲಿ. ಅದನ್ನು ಹುಟ್ಟಿಸಿದ ಮೊಕದ್ದಮೆಗಳ ಕಕ್ಷಿದಾರರು ಯಾರೆಂದು ನೋಡಿದರೆ ಅದರ ದೌರ್ಬಲ್ಯ ತಿಳಿಯುತ್ತದೆ. 1926ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟದ್ದು ಲಂಡನ್ನಿನಲ್ಲಿದ್ದು ಪೋರ್ಟ್ಸ್‌ಮತ್‌ನ ನ್ಯಾಯಾಧಿಕಾರಿಯಾಗಿದ್ದ ಬ್ಯಾರಿಸ್ಟರೊಬ್ಬರ ರೈಲು ಖರ್ಚಿನ ಬಗ್ಗೆ. 1946ರ ಫ್ಲವರ್ಸ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎದುರಿದ್ದವರು ಮಿಸಿಸಿಪ್ಪಿಯ ಜಾಕ್ಸನ್‌ನಲ್ಲಿ ಮನೆ, ಅಲಬಾಮಾದ ಮೊಬೀಲ್‌ನಲ್ಲಿ ರೈಲ್ವೆ ಕಂಪನಿಯ ಕಚೇರಿ ಇದ್ದ ವಕೀಲರು. 1952ರ ನ್ಯೂಸಮ್ ಪ್ರಕರಣದಲ್ಲಿ ಇನ್ನೊಬ್ಬ ಬ್ಯಾರಿಸ್ಟರ್, ಹಳ್ಳಿಯ ಮನೆಯಿಂದ ಲಂಡನ್ನಿನ ಲಿಂಕನ್ಸ್ ಇನ್‌ಗೆ ಓಡಾಡುತ್ತಿದ್ದವರು. ಮೂವರೂ ಬೇಕೆಂದಲ್ಲಿ ಮನೆ ಮಾಡುವ ಅನುಕೂಲವಿದ್ದ ವಕೀಲರು. ದೂರವಿರುವುದು ಅವರ ಇಷ್ಟ ಎಂದು ನ್ಯಾಯಾಲಯಗಳು ಹೇಳಿದ್ದರಲ್ಲಿ ತಪ್ಪಿಲ್ಲ. ಅವರನ್ನು ನೋಡಿ ಕಟ್ಟಿದ ಸೂತ್ರವನ್ನು ಗಾರ್ಮೆಂಟ್ ಮೇಲ್ವಿಚಾರಕರಿಂದ ಬ್ಯಾಂಕ್ ಗುಮಾಸ್ತರವರೆಗೆ ಎಲ್ಲರಿಗೂ ಅನ್ವಯಿಸಿದ್ದರಲ್ಲಿ ತಪ್ಪಿದೆ. ತೆರಿಗೆ ಮೊದಲು ಬಂದ ಕಾಲಕ್ಕೆ ವ್ಯಾಪಾರಿ ಅಂಗಡಿಯ ಮೇಲೇ, ವೈದ್ಯ ತನ್ನ ದವಾಖಾನೆಯ ಮೇಲೇ ವಾಸವಿರುತ್ತಿದ್ದ, ಈಗ ಕಾಲ ಬದಲಾಗಿದೆ ಎಂದು ನ್ಯೂಸಮ್ ತೀರ್ಪಿನಲ್ಲಿ ಲಾರ್ಡ್ ಡೆನ್ನಿಂಗ್ ಅವರೇ ಒಪ್ಪಿಕೊಂಡಿದ್ದರು. ಕಾಲ ಬದಲಾದದ್ದನ್ನು ಕಂಡರೂ ಬದಲಾವಣೆಯ ಹೊರೆಯನ್ನು ಅವರು ಪ್ರಯಾಣಿಕರ ಮೇಲೇ ಬಿಟ್ಟರು. ಅಮೆರಿಕವಂತೂ ಫ್ಲವರ್ಸ್ ಸೂತ್ರವನ್ನು ಹೆಸರಿಗೆ ಇಟ್ಟುಕೊಂಡು, ಮಾಲೀಕರ ಮೂಲಕ ಸಿಗುವ ಬಸ್ಸು ರೈಲಿನ ಪಾಸಿಗೆ ತಿಂಗಳಿಗೆ 325 ಡಾಲರ್‌ವರೆಗೆ (2025ರ ಮಿತಿ) ತೆರಿಗೆ ಬಿಟ್ಟುಕೊಟ್ಟಿದೆ.

ಬೆಂಗಳೂರಿನಲ್ಲಿ ಮನೆ ಎಲ್ಲಿ ಎಂಬುದು ಎಷ್ಟರಮಟ್ಟಿಗೆ ಸ್ವಂತ ಇಷ್ಟ? ಗಂಡನ ಕಚೇರಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ, ಹೆಂಡತಿಯದು ಮಾನ್ಯತಾ ಟೆಕ್‌ಪಾರ್ಕಿನಲ್ಲಿ ಇದ್ದರೆ ಇಬ್ಬರಿಗೂ ಹತ್ತಿರವಾಗುವ ಮನೆಯೇ ಈ ಊರಲ್ಲಿಲ್ಲ. ಒಬ್ಬರ ದಾರಿ ಕಡಿಮೆಯಾದಷ್ಟೂ ಇನ್ನೊಬ್ಬರದು ಬೆಳೆಯುತ್ತದೆ. ಮಕ್ಕಳ ಶಾಲೆ, ವಯಸ್ಸಾದ ಅಪ್ಪ ಅಮ್ಮ, ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವ ಮನೆ ಮಾಲೀಕರು, ಇವೆಲ್ಲ ಇರುವಾಗ ಕೆಲಸ ಬದಲಾದಾಗಲೆಲ್ಲ ಮನೆ ಬದಲಿಸಿ ಎನ್ನುವುದು ಸಲಹೆ ಕೊಡುವವರಿಗಷ್ಟೇ ಸುಲಭ. ಕಚೇರಿಯನ್ನು ಹೊರವರ್ತುಲ ರಸ್ತೆಗೆ ಸಾಗಿಸುವ ತೀರ್ಮಾನವಾಗಲಿ, ವಾರಕ್ಕೆ ಐದು ದಿನವೂ ಬನ್ನಿ ಎಂಬ ಆದೇಶವಾಗಲಿ ಮಾಲೀಕರದೇ ಹೊರತು ನೌಕರರದಲ್ಲ. ದೂರಕ್ಕೆ ಎರಡು ತುದಿಗಳಿರುವಾಗ ಒಂದು ತುದಿಯನ್ನು ಮಾತ್ರ ಹಿಡಿದು ಇದು ನಿನ್ನ ಆಯ್ಕೆ ಎನ್ನುವುದು ಅರ್ಧ ಲೆಕ್ಕ. ಇದರ ಜೊತೆ ಇನ್ನೊಂದು ವಿಚಿತ್ರವನ್ನೂ ಗಮನಿಸಬೇಕು. ಹಳೆಯ ಪದ್ಧತಿಯಲ್ಲಿರುವವರ ಬಾಡಿಗೆಗೆ ಎಚ್‌ಆರ್‌ಎ ವಿನಾಯಿತಿಯುಂಟು, ಗೃಹಸಾಲದ ಬಡ್ಡಿಗೂ ಕಡಿತವುಂಟು. ಕಚೇರಿಯ ಪಕ್ಕ ದುಬಾರಿ ಬಾಡಿಗೆ ಕೊಟ್ಟವರ ಆಯ್ಕೆಗೆ ಕಾನೂನು ನೆರವಾಗುತ್ತದೆ. ಆ ಬಾಡಿಗೆ ತಾಳಲಾರದೆ ದೂರ ಹೋಗಿ, ಬಾಡಿಗೆಯಲ್ಲಿ ಉಳಿಸಿದ್ದನ್ನು ಟಿಕೆಟ್ಟಿಗೆ ಹಾಕುವವರ ಆಯ್ಕೆ ಮಾತ್ರ ಅದಕ್ಕೆ ಕಾಣುವುದಿಲ್ಲ.

ಬೇರೆ ದಾರಿ ಸಾಧ್ಯ ಎಂಬುದಕ್ಕೆ ಜರ್ಮನಿಯೇ ಸಾಕ್ಷಿ. ಅಲ್ಲಿ 1920ರ ಆದಾಯ ತೆರಿಗೆ ಕಾಯ್ದೆಯಿಂದಲೇ ಮನೆಗೂ ಕೆಲಸಕ್ಕೂ ನಡುವಿನ ಪ್ರಯಾಣ ಸಂಪಾದನೆಯ ಖರ್ಚು. 2007ರಲ್ಲಿ ಸರ್ಕಾರ ಖಜಾನೆ ತುಂಬಿಸುವ ಉದ್ದೇಶದಿಂದ, ಕೆಲಸ ಶುರುವಾಗುವುದು ಕಾರ್ಖಾನೆಯ ಗೇಟಿನಲ್ಲಿ, ಅದಕ್ಕೆ ಮುಂಚಿನದು ಖಾಸಗಿ ಎಂಬ ಹೊಸ ತತ್ವವನ್ನು ತಂದು, ಮೊದಲ 20 ಕಿಲೋಮೀಟರಿಗೆ ಕಡಿತ ನಿಲ್ಲಿಸಿತು. ನಮ್ಮ ಎಚ್‌ಆರ್‌ಗಳು ಆಡುವ ಮಾತೇ ಅಲ್ಲಿ ಕಾನೂನಾಗಿ ಬಂತು ಎನ್ನಬಹುದು. 2008ರ ಡಿಸೆಂಬರ್ 9ರಂದು ಅಲ್ಲಿನ ಸಂವಿಧಾನ ನ್ಯಾಯಾಲಯ ಅದನ್ನು ಸಮಾನತೆಯ ತತ್ವಕ್ಕೆ ವಿರುದ್ಧವೆಂದು ಹೊಡೆದುಹಾಕಿತು. ವರಮಾನ ಬೇಕು ಎಂಬುದೊಂದೇ ಕಾರಣಕ್ಕೆ, ಖರ್ಚು ಕಳೆದು ಉಳಿದದ್ದಕ್ಕೆ ತೆರಿಗೆ ಎಂಬ ತಾನೇ ಒಪ್ಪಿದ ತತ್ವವನ್ನು ಸರ್ಕಾರ ಮುರಿಯುವಂತಿಲ್ಲ ಎಂಬುದು ತೀರ್ಪಿನ ತಿರುಳು. ಮೊದಲ ಕಿಲೋಮೀಟರಿನಿಂದಲೇ 30 ಸೆಂಟ್ ಲೆಕ್ಕದ ಹಳೆಯ ಪದ್ಧತಿ ಮರಳಿತು. ಕಾರೋ ರೈಲೋ ಸೈಕಲ್ಲೋ ಎಂದು ಕೇಳದೆ ದೂರಕ್ಕೆ ಇಂತಿಷ್ಟು ಎಂದು ಕೊಡುವುದು ಅಲ್ಲಿನ ಕ್ರಮ. ಜಪಾನಿನಲ್ಲಿ ಮಾಲೀಕರೇ ಪ್ರಯಾಣದ ಪಾಸಿನ ಹಣ ಕೊಡುವ ರೂಢಿಯಿದ್ದು, 2016ರಿಂದ ತಿಂಗಳಿಗೆ 1,50,000 ಯೆನ್‌ವರೆಗೆ ಅದಕ್ಕೆ ತೆರಿಗೆಯಿಲ್ಲ. ಎರಡೂ ದೇಶಗಳು ಇದರಿಂದ ದಿವಾಳಿಯೆದ್ದಿಲ್ಲ.

ನ್ಯಾಯದ ದೃಷ್ಟಿಯಿಂದ ಬರುವ ಆಕ್ಷೇಪ ಇವೆಲ್ಲಕ್ಕಿಂತ ಗಂಭೀರವಾದದ್ದು. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಸಿಕ್ಕಿ ತೆರಿಗೆ ಬೀಳುವುದಿಲ್ಲ, ಸಂಬಳದಾರರಿಗೆ 12 ಲಕ್ಷ 75 ಸಾವಿರದವರೆಗೆ. ಹಾಗಿದ್ದ ಮೇಲೆ ಪ್ರಯಾಣದ ಕಡಿತ ಕೊಟ್ಟರೆ ಲಾಭ ಮೇಲಿನವರಿಗೇ, ಅವರಲ್ಲೂ ಹೆಚ್ಚಿನ ಹಂತದವರಿಗೆ ಹೆಚ್ಚು. ಬಸ್ಸಿನಲ್ಲಿ ನೇತಾಡಿ ಹೋಗುವ ಗಾರ್ಮೆಂಟ್ ಕಾರ್ಮಿಕರಿಗೆ ಚಿಕ್ಕಾಸೂ ಇಲ್ಲ ಎಂಬುದು ಆಕ್ಷೇಪ. ಮಾತು ನಿಜ. ತೆರಿಗೆ ಕಟ್ಟದವರಿಗೆ ತೆರಿಗೆ ಕಡಿತದಿಂದ ನೆರವಾಗದು, ಅವರಿಗೆ ಬೇಕಾದದ್ದು ಅಗ್ಗದ ಬಸ್ಸು ಮತ್ತು ಮಾಲೀಕರು ಕೊಡುವ ಭತ್ಯೆ. ಆದರೆ ಈ ಆಕ್ಷೇಪವನ್ನು ಎತ್ತುವವರು ಮ್ಯಾನೇಜರರ ಕಾರಿನ 1,800 ರೂಪಾಯಿಯ ಬಗ್ಗೆ, ಕಂಪನಿ ಬಸ್ಸಿನ ಸಂಪೂರ್ಣ ವಿನಾಯಿತಿಯ ಬಗ್ಗೆ ಎಂದೂ ದನಿಯೆತ್ತಿದ್ದಿಲ್ಲ. ಈಗಿರುವ ಏರ್ಪಾಡು ಮೇಲಿನವರಿಗೆ ಇನ್ನೂ ಹೆಚ್ಚು ವಾಲಿದೆ. ಸಾರ್ವಜನಿಕ ಸಾರಿಗೆಯ ಟಿಕೆಟ್ ದರಕ್ಕೆ ಸೀಮಿತಗೊಳಿಸಿ, ಮೇಲ್ಮಿತಿ ಹಾಕಿ ಕೊಟ್ಟರೆ ಹೆಚ್ಚು ದುಡಿಯುವವರಿಗೆ ಸಿಗುವುದು ಸೀಮಿತ ಮೊತ್ತ. ನಮ್ಮ ಉದಾಹರಣೆಯಲ್ಲಿ 66,528ಕ್ಕೆ ಶೇ 20.8 ಎಂದರೆ ವರ್ಷಕ್ಕೆ ಸುಮಾರು 13,800 ರೂಪಾಯಿ, ಅಷ್ಟೇ. ಕಾರುಗಳಿಗೆ ಸಬ್ಸಿಡಿ ಕೊಟ್ಟಂತಾಗುತ್ತದೆ, ಊರು ಇನ್ನಷ್ಟು ಹರಡುತ್ತದೆ ಎಂಬ ಪರಿಸರವಾದಿಗಳ ಆತಂಕಕ್ಕೂ ಟಿಕೆಟ್ ದರದ ಮಿತಿಯೇ ಉತ್ತರ. ಕಾರಿನಲ್ಲಿ ಹೋದರೂ ಮೆಟ್ರೊ ದರದಷ್ಟೇ ಕಡಿತ ಎಂದಾದರೆ ಮೆಟ್ರೊದಲ್ಲಿ ಹೋಗುವವರೇ ಗೆಲ್ಲುತ್ತಾರೆ.

ಅರ್ಥಶಾಸ್ತ್ರ ಓದಿದವರು ಇನ್ನೊಂದು ಮಾತು ಹೇಳುತ್ತಾರೆ: ದೂರದ ಕಚೇರಿಗೆ ಜನ ಬರದಿದ್ದರೆ ಕಂಪನಿ ತಾನಾಗಿ ಸಂಬಳ ಹೆಚ್ಚಿಸುತ್ತದೆ, ಮಾರುಕಟ್ಟೆ ನೋಡಿಕೊಳ್ಳುತ್ತದೆ, ಕಾನೂನು ಮೂಗು ತೂರಿಸಬೇಕಿಲ್ಲ. ಹಾಗೆ ಹೆಚ್ಚಿಸಿದ ಸಂಬಳದ ಮೇಲೂ ತೆರಿಗೆ ಬೀಳುವುದರಿಂದ ಕಂಪನಿ 5,544ರ ನಷ್ಟ ತುಂಬಲು 7,000 ಕೊಡಬೇಕಾಗುತ್ತದೆ ಎಂಬುದು ಒಂದು. ಅದಕ್ಕಿಂತ ಮುಖ್ಯವಾದದ್ದು, ಮಾರುಕಟ್ಟೆ ಪರಿಹಾರ ಕೊಡಬೇಕಾದರೆ ಚೌಕಾಸಿಯ ಮೇಜಿನ ಮೇಲೆ ಆ ವಿಷಯ ಬಂದಿರಬೇಕು. 2018ಕ್ಕೆ ಮುಂಚೆ ಅಲ್ಪವೇ ಆದರೂ ದಾರಿಖರ್ಚಿಗೆಂದು ಆಫರ್ ಲೆಟರ್‌ನ ಅನುಬಂಧದಲ್ಲಿ ಒಂದು ಸಾಲಿತ್ತು, ಅದು ಸಾಲದು ಎಂದು ಕೇಳಲು ಜಾಗವಿತ್ತು. ವಿನಾಯಿತಿ ಹೋದ ಮೇಲೆ ಆ ಮೊತ್ತ ಸ್ಪೆಷಲ್ ಅಲವೆನ್ಸ್ ಎಂಬ ಹುಂಡಿಯೊಳಗೆ ಸೇರಿ ಕಣ್ಮರೆಯಾಯಿತು. ಮೂಲ ವೇತನ, ಎಚ್‌ಆರ್‌ಎ, ಮಾಲೀಕರ ಪಿಎಫ್ ಪಾಲು, ಗ್ರಾಚ್ಯುಟಿ, ವಿಮಾ ಕಂತು, ಬರುತ್ತದೋ ಇಲ್ಲವೋ ಗೊತ್ತಿಲ್ಲದ ವೇರಿಯಬಲ್ ಪೇ, ಎಲ್ಲವನ್ನೂ ಎಣಿಸುವ ಸಿಟಿಸಿ ಲೆಕ್ಕದಲ್ಲಿ ಈಗ ದೂರದ ಸುದ್ದಿಯೇ ಇಲ್ಲ. ತೆರಿಗೆ ಗುರುತಿಸದ್ದನ್ನು ಸಂಬಳ ಚೀಟಿಯೂ ಗುರುತಿಸಲಿಲ್ಲ, ಚೀಟಿಯಲ್ಲಿ ಇಲ್ಲದ್ದನ್ನು ಅಭ್ಯರ್ಥಿಗಳೂ ಕೇಳದಾದರು.

ಆದ್ದರಿಂದ ಕಾನೂನು ಬದಲಾಗುವವರೆಗೆ ಕಾಯದೆ ಚೌಕಾಸಿಯ ರೀತಿಯನ್ನಾದರೂ ಬದಲಿಸಬಹುದು. ಇಷ್ಟು ಸಣ್ಣ ವಿಷಯ ಎತ್ತಿದರೆ ಎಚ್‌ಆರ್ ಏನೆಂದುಕೊಂಡಾರು ಎಂಬ ಸಂಕೋಚಕ್ಕೆ ಅರ್ಥವಿಲ್ಲ. ವರ್ಷಕ್ಕೆ 84,000 ರೂಪಾಯಿಯ ಬಾಬ್ತು ಸಣ್ಣದಲ್ಲ, ಅಷ್ಟೇ ಮೊತ್ತದ ಜಾಯ್ನಿಂಗ್ ಬೋನಸ್ ಬಗ್ಗೆ ಯಾರೂ ಸಂಕೋಚಪಡುವುದಿಲ್ಲ. ಕೇಳುವ ವಸ್ತುವೂ ಸಂಬಳವೇ ಆಗಬೇಕಿಲ್ಲ. ತೆರಿಗೆಯ ಈಗಿನ ಸ್ವರೂಪದಲ್ಲಿ 5,000 ಹೆಚ್ಚು ಸಂಬಳಕ್ಕಿಂತ ಕಂಪನಿಯ ಕ್ಯಾಬ್ ಅಥವಾ ಬಸ್ಸಿನ ಸೀಟು ಹೆಚ್ಚು ಬೆಲೆಯದು, ಅದಕ್ಕೆ ತೆರಿಗೆಯಿಲ್ಲ. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಎಂದು ಬರವಣಿಗೆಯಲ್ಲಿ ಪಡೆದರೆ, ದಿನಕ್ಕೆ 252 ರೂಪಾಯಿಯ ಲೆಕ್ಕದಲ್ಲಿ ತಿಂಗಳಿಗೆ ಎರಡು ಸಾವಿರಕ್ಕೂ ಮಿಕ್ಕಿದ ಹಣ, ಇಪ್ಪತ್ತು ಗಂಟೆಗೂ ಮಿಕ್ಕಿದ ಹೊತ್ತು ಉಳಿಯುತ್ತದೆ. ಬರವಣಿಗೆಯಲ್ಲಿ ಎಂಬುದಕ್ಕೆ ಒತ್ತು ಕೊಡಬೇಕು. ಇಂಟರ್‌ವ್ಯೂನಲ್ಲಿ ಬಾಯಿಮಾತಿಗೆ ಸಿಕ್ಕ ಹೈಬ್ರಿಡ್ ವ್ಯವಸ್ಥೆ ಹೊಸ ಮೇಲಧಿಕಾರಿ ಬಂದ ದಿನ ಮುಗಿಯುತ್ತದೆ. ಕಚೇರಿ ಸ್ಥಳಾಂತರವಾದರೆ ಏನು ಎಂಬ ಷರತ್ತನ್ನು ಆಫರ್ ಹಂತದಲ್ಲೇ ಕೇಳಬೇಕು, ಸೇರಿದ ಮೇಲೆ ಕೇಳುವ ಬಲ ಉಳಿದಿರುವುದಿಲ್ಲ. ಹೊತ್ತಿನ ನಷ್ಟವನ್ನಂತೂ ಯಾವ ತೆರಿಗೆ ಕಡಿತವೂ ತುಂಬಿಕೊಡದು, ಅದು ಚೌಕಾಸಿಯಲ್ಲೇ ಇತ್ಯರ್ಥವಾಗಬೇಕಾದದ್ದು.

ಇಲಾಖೆಯವರ ಕೊನೆಯ ಅಸ್ತ್ರ ಆಡಳಿತದ ತೊಡಕು. ಟಿಕೆಟ್, ಪೆಟ್ರೋಲ್ ಬಿಲ್ಲುಗಳನ್ನು ಯಾರು ಪರಿಶೀಲಿಸುತ್ತಾರೆ, ಸುಳ್ಳು ಬಿಲ್ಲುಗಳ ಸಂತೆಯಾಗುತ್ತದೆ, ಅದಕ್ಕೇ ಎಲ್ಲರಿಗೂ ಒಂದೇ ಕಡಿತವೆಂಬ ಸರಳ ದಾರಿ ಹಿಡಿದಿದ್ದೇವೆ ಎನ್ನುತ್ತಾರೆ. ವೈದ್ಯಕೀಯ ಬಿಲ್ಲುಗಳ ಕಾಲವನ್ನು ಕಂಡವರಿಗೆ ಈ ಭಯ ಅರ್ಥವಾಗುತ್ತದೆ. ಆದರೆ 2018ಕ್ಕೆ ಮುಂಚಿನ 1,600ರ ಭತ್ಯೆಗೂ ಯಾರೂ ಬಿಲ್ಲು ಕೇಳುತ್ತಿರಲಿಲ್ಲ. ಕೇಂದ್ರ ನೌಕರರ ಸಾರಿಗೆ ಭತ್ಯೆಗೆ ಇಂದೂ ಕೇಳುವುದಿಲ್ಲ. ಮನೆಯ ವಿಳಾಸ ರಿಟರ್ನ್‌ನಲ್ಲಿದೆ, ಮಾಲೀಕರ ವಿಳಾಸ ಫಾರ್ಮ್ 16ರಲ್ಲಿದೆ, ಕಚೇರಿಗೆ ಬಂದ ದಿನಗಳ ಲೆಕ್ಕ ಗೇಟಿನಲ್ಲಿ ಉಜ್ಜುವ ಕಾರ್ಡಿನಲ್ಲಿದೆ. ಈ ಮೂರನ್ನು ಸೇರಿಸಿ ಕಿಲೋಮೀಟರಿಗೆ ಇಷ್ಟು ಎಂದು ಗುಣಿಸಲು ಬಿಲ್ಲು ಬೇಕಿಲ್ಲ, ಟಿಡಿಎಸ್ ಲೆಕ್ಕ ಹಾಕುವಾಗ ಸಂಬಳ ವಿಭಾಗದ ಸಾಫ್ಟ್‌ವೇರಿಗೆ ಅದು ಇನ್ನೊಂದು ಕಾಲಂ ಅಷ್ಟೇ. 1961ರ ಕಾಯ್ದೆಯ ಜಾಗದಲ್ಲಿ 2026ರ ಏಪ್ರಿಲ್ 1ರಿಂದ ಜಾರಿಯಾಗಲೆಂದು 2025ರ ಹೊಸ ಕಾಯ್ದೆಯನ್ನು ಬರೆದಾಗ ಕಲಮುಗಳನ್ನು ಕಡಿಮೆ ಮಾಡಿ ಭಾಷೆ ಸರಳಗೊಳಿಸಲು ಇಷ್ಟೊಂದು ಶ್ರಮ ಪಟ್ಟರು. ಕಂಪನಿ ಬಸ್ಸಿನಲ್ಲಿ ಬರುವವರಿಗೊಂದು, ಸ್ವಂತ ದುಡ್ಡಿನಲ್ಲಿ ಬಿಎಂಟಿಸಿ ಬಸ್ಸು ಹತ್ತಿ ಬರುವವರಿಗೊಂದು ನ್ಯಾಯ ಯಾಕೆ ಎಂಬುದಕ್ಕೆ ಆ ಸಂದರ್ಭದಲ್ಲೂ ಉತ್ತರ ಸಿಗಲಿಲ್ಲ.